ಅಪ್ರಸಿದ್ಧ ಕೌಂಟಿ ಕ್ರಿಕೆಟಿಗರೊಬ್ಬರ ಜೀವನಚಿತ್ರ ಬರೆಯುವ ಬಗೆ

1911ರ ಮೇ 20ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೋವ್ ಮೈದಾನದಲ್ಲಿ, ಸಸೆಕ್ಸ್ ಕೌಂಟಿಯ (ಅಂದರೆ ಜಿಲ್ಲೆಯ) ತಂಡದ ವಿರುದ್ಧ ಒಂಬತ್ತನೆಯ ಕ್ರಮಾಂಕದಲ್ಲಿ ಆಡಲು ಬಂದ ನಾಟಿಂಗಮ್‌ಶೈರ್‌ನ ಟೆಡ್ ಆಲೆಟ್‌ಸನ್ ಅವರು ಒಂದೂವರೆ ಗಂಟೆಯಲ್ಲಿ 189 ರನ್ ಹೊಡೆದರು. ಊಟದ ವಿರಾಮಕ್ಕೆ ಮೊದಲು ಐವತ್ತು ನಿಮಿಷದಲ್ಲಿ ಬಂದದ್ದು 47. ವಿರಾಮದ ನಂತರ ನಲವತ್ತು ನಿಮಿಷದಲ್ಲಿ ಬಂದದ್ದು 142. ಅವರು 1906ರಿಂದ 1914ರವರೆಗೆ 119 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದರು. ಶತಕ ಹೊಡೆದದ್ದು ಅದೊಂದೇ ಸಲ. ಟೆಸ್ಟ್ ಆಡುವ ಅವಕಾಶ ಬರಲಿಲ್ಲ. ಹೀಗಾಗಿ ಅವರ ವಿಷಯ ಎತ್ತಿದವರು ಆ ಮಧ್ಯಾಹ್ನವನ್ನು ಬಣ್ಣಿಸಿ, ಹುಟ್ಟಿದ ಇಸವಿ ಸತ್ತ ಇಸವಿಗಳನ್ನು ಸೇರಿಸಿ, ಬರಹ ಮುಗಿಸಿಬಿಡುವುದೇ ಹೆಚ್ಚು.

ಇಂಥ ಆಟಗಾರರೊಬ್ಬರ ಉಳಿದ ಪಂದ್ಯಗಳನ್ನೂ, ಪಂದ್ಯಗಳಾಚೆಗಿನ ಬದುಕನ್ನೂ ಶಿವಮೊಗ್ಗದಲ್ಲೋ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕುಳಿತು ಕನ್ನಡದಲ್ಲಿ ಬರೆಯಲು ಹೊರಟವರಿಗಾಗಿ ಈ ಮಾರ್ಗದರ್ಶಿ. ಬರಹ ಕನ್ನಡ ವಿಕಿಪೀಡಿಯಕ್ಕೆ ಹೋಗಬಹುದು, ಕಾಲೇಜಿನ ವಾರ್ಷಿಕ ಸಂಚಿಕೆಗೆ ಹೋಗಬಹುದು, ಕ್ರಿಕೆಟ್ ಕ್ಲಬ್ಬಿನ ಸ್ಮರಣ ಸಂಚಿಕೆಗೂ ಹೋಗಬಹುದು; ದಾರಿ ಒಂದೇ. ನನ್ನ ಆಗ್ರಹವೂ ಒಂದೇ: ರನ್ನು ಎಣಿಸುವ ಮೊದಲು ಆ ಮನುಷ್ಯನ ಅನ್ನದ ಲೆಕ್ಕ ಹಿಡಿಯಬೇಕು. ಯಾರು ಸಂಬಳ ಕೊಟ್ಟರು, ಎಷ್ಟು ತಿಂಗಳು ಕೊಟ್ಟರು, ಉಳಿದ ತಿಂಗಳು ಒಲೆ ಹೇಗೆ ಉರಿಯಿತು, ಆಟ ನಿಂತ ಮೇಲೆ ಯಾವ ಕೆಲಸಕ್ಕೆ ಸೇರಿದರು ಎಂಬುದು ಗೊತ್ತಾದರೆ ಅಂಕಿಅಂಶಗಳು ತಾವಾಗಿಯೇ ಅರ್ಥ ಕೊಡುತ್ತವೆ.

ಕೌಂಟಿ ಋತು ಮೇ ತಿಂಗಳಲ್ಲಿ ಕಳೆಗಟ್ಟಿ ಆಗಸ್ಟ್ ಕೊನೆಯ ಹೊತ್ತಿಗೆ ಮುಗಿಯುತ್ತಿತ್ತು. ಶಿವಮೊಗ್ಗದ ನವುಲೆಯ ಮೈದಾನವೂ ಸೇರಿದಂತೆ ನಮ್ಮ ಸೀಮೆಯ ಮೈದಾನಗಳೆಲ್ಲ ನೆನೆದು ಕುಳಿತಿರುವ ಕಾಲವೂ ಹೆಚ್ಚುಕಡಿಮೆ ಅದೇ ಆದ್ದರಿಂದ, ಕರೆಂಟು ಮತ್ತು ನೆಟ್‌ವರ್ಕ್ ಕೈಕೊಡದಿದ್ದರೆ, ಈ ಕೆಲಸಕ್ಕೆ ಮಲೆನಾಡಿನ ಮಳೆಗಾಲ ಹೇಳಿ ಮಾಡಿಸಿದ್ದು.

ಯಾರನ್ನು ಆರಿಸಿಕೊಳ್ಳಬೇಕು

1890ರಲ್ಲಿ ಎಂಟು ತಂಡಗಳೊಂದಿಗೆ ಅಧಿಕೃತವಾಗಿ ಶುರುವಾದ ಕೌಂಟಿ ಚಾಂಪಿಯನ್‌ಷಿಪ್ 1905ರಲ್ಲಿ ನಾರ್ಥಾಂಪ್ಟನ್‌ಶೈರ್ ಸೇರುವುದರೊಂದಿಗೆ ಹದಿನಾರು ತಂಡಗಳದ್ದಾಯಿತು. ಮೊದಲ ಮಹಾಯುದ್ಧಕ್ಕೆ ಮುಂಚಿನ ಆ ಹತ್ತು ವರ್ಷಗಳಲ್ಲಿ ಈ ತಂಡಗಳಿಗೆ ಆಡಿಹೋದ ನೂರಾರು ಜನರಲ್ಲಿ ಬಹುಪಾಲು ಮಂದಿಯ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಒಂದೋ ಎರಡೋ ಪಂದ್ಯ ಆಡಿದವರನ್ನು ಆರಿಸಿಕೊಂಡರೆ ಅವರು ಸಾಮಾನ್ಯವಾಗಿ ಅನುಕೂಲಸ್ಥ ಮನೆತನದ ಹವ್ಯಾಸಿ ಆಟಗಾರರಾಗಿರುತ್ತಾರೆ. ಶಾಲೆ, ಸೈನ್ಯ, ಚರ್ಚು ಇವುಗಳ ದಾಖಲೆಗಳೇ ತುಂಬಿ, ಕ್ರಿಕೆಟ್ ಒಂದು ಪ್ಯಾರಾಕ್ಕೆ ಮುಗಿದುಹೋಗುತ್ತದೆ. ಐವತ್ತರಿಂದ ನೂರೈವತ್ತು ಪಂದ್ಯ ಆಡಿ, ಟೆಸ್ಟಿನ ಹೊಸ್ತಿಲು ತುಳಿಯದ, ಆಟವನ್ನೇ ದುಡಿಮೆಯಾಗಿ ಮಾಡಿಕೊಂಡ ವೃತ್ತಿಪರರನ್ನು ಆರಿಸಿಕೊಳ್ಳುವುದು ಹೆಚ್ಚು ಶ್ರಮದ, ಆದರೆ ಹೆಚ್ಚು ಫಲದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಓದುಗರಿಗೆ ಹತ್ತಿರವಾಗುವ ಇನ್ನೊಂದು ದಾರಿಯೂ ಇದೆ. ಅದೇ 1911ರ ಬೇಸಿಗೆಯಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋಗಿ ಕೌಂಟಿಗಳೊಡನೆ ಆಡಿತು. ಧಾರವಾಡದಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ಪಾಲವಣಕರ್ ಬಾಳೂ ಅವರು ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು, ಬೆಂಗಳೂರಿನ ಬಿ. ಜಯರಾಮ್ ಅವರೂ ಆ ತಂಡದಲ್ಲಿದ್ದರು. ಆ ತಂಡ ಲೆಸ್ಟರ್‌ಶೈರ್ ಮತ್ತು ಸಾಮರ್ಸೆಟ್ ಕೌಂಟಿಗಳನ್ನು ಸೋಲಿಸಿತು. ಆ ಎರಡು ಪಂದ್ಯಗಳ ಸ್ಕೋರ್‌ಕಾರ್ಡ್ ತೆರೆದು, ಎದುರಾಳಿ ತಂಡದಲ್ಲಿ ನೀವು ಎಂದೂ ಕೇಳದ ಹೆಸರೊಂದರ ಮೇಲೆ ಬೆರಳಿಟ್ಟರೆ ವಿಷಯ ಸಿಕ್ಕಂತೆಯೇ. ಆ ಪ್ರವಾಸದ ನಂತರ ಇಂಗ್ಲೆಂಡಿನಲ್ಲೇ ಉಳಿದು 1912ರಿಂದ ಸಾಮರ್ಸೆಟ್‌ಗೆ ಆಡಿದ ಮಾಣೆಕ್ ಬಜಾನಾ ಅವರ ಜೀವನವೂ ಯಾರಾದರೂ ಕನ್ನಡದಲ್ಲಿ ಬರೆಯಲಿ ಎಂದು ಕಾದಿರುವಂಥದ್ದು.

ನನ್ನನ್ನು ಕೇಳಿದರೆ, ಹೋವ್‌ನ ಸ್ಕೋರ್‌ಕಾರ್ಡಿನಲ್ಲಿ ಆಲೆಟ್‌ಸನ್ ಅವರಿಗಿಂತ ಕೆಳಗಿರುವ ವಿಲಿಯಂ ರೈಲಿ ಅವರನ್ನು ತೋರಿಸುತ್ತೇನೆ. ಊಟದ ನಂತರ ಕೊನೆಯ ವಿಕೆಟ್ಟಿಗೆ ಬಂದ 152 ರನ್ನುಗಳಲ್ಲಿ ರೈಲಿ ಅವರ ಪಾಲು 10. ಆ ತುದಿಯಲ್ಲಿ ಔಟಾಗದೆ ನಿಂತವರು ಅವರು. ಅವರು ಎಡಗೈ ನಿಧಾನಗತಿಯ ಬೌಲರ್. ಕೌಂಟಿ ತಂಡದಲ್ಲಿ ಅವರಿಗೆ ಜಾಗ ಕೊಟ್ಟದ್ದು ಬೌಲಿಂಗೇ. ಆರು ವರ್ಷಗಳ ನಂತರ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಅವರು ತೀರಿಕೊಂಡರು.

ಹೆಸರಿನ ಜಾಗ್ರತೆ

ಹೆಸರು ಖಚಿತವಾಗದೆ ಒಂದು ಸಾಲನ್ನೂ ಬರೆಯಬಾರದು. ವೂಸ್ಟರ್‌ಶೈರ್‌ಗೆ ಫಾಸ್ಟರ್ ಮನೆತನದ ಏಳು ಮಂದಿ ಅಣ್ಣತಮ್ಮಂದಿರು ಆಡಿದರು; ಅದೇ ಕಾಲದಲ್ಲಿ ವಾರಿಕ್‌ಶೈರ್ ತಂಡದ ನಾಯಕರಾಗಿದ್ದ ಎಫ್. ಆರ್. ಫಾಸ್ಟರ್ ಆ ಮನೆತನದವರಲ್ಲ. ನಾಟಿಂಗಮ್‌ಶೈರ್‌ನಲ್ಲಿ ಗನ್ ಎಂಬ ಅಡ್ಡಹೆಸರಿನವರು ಒಂದೇ ಕುಟುಂಬದಲ್ಲಿ ಹಲವರು. ಯಾರ್ಕ್‌ಶೈರ್‌ನ ಮೇಜರ್ ಬೂತ್ ಅವರ ಹೆಸರಿನ 'ಮೇಜರ್' ಸೈನ್ಯದ ಪದವಿಯಲ್ಲ, ತಂದೆತಾಯಿ ಇಟ್ಟ ಹೆಸರು. 1916ರ ಜುಲೈ 1ರಂದು ಸೋಮ್ ಕದನದಲ್ಲಿ ಮಡಿದಾಗ ಅವರು ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದರು. ಸ್ಕೋರ್‌ಕಾರ್ಡಿನ ಇನಿಷಿಯಲ್ಲುಗಳನ್ನು ನಂಬಿ ಎರಡು ಜೀವಗಳನ್ನು ಒಂದಾಗಿ ಹೊಲಿದುಬಿಡುವ ಅಪಾಯ ಇಲ್ಲಿ ಯಾವಾಗಲೂ ಇದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈನಲ್ಲಿ ಶುರುವಾಯಿತು. ಅದರ ಸೂಚಿಯನ್ನು ಸ್ವಯಂಸೇವಕರು ಸಿದ್ಧಪಡಿಸಿರುವ ಫ್ರೀಬಿಎಂಡಿ ಜಾಲತಾಣದಲ್ಲಿ ಹಣ ಕೊಡದೆ ನೋಡಬಹುದು. ನೋಂದಣಿ ಕಚೇರಿಯ ಸ್ವಂತ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಇರುವುದರಿಂದ ಅಣ್ಣತಮ್ಮಂದಿರನ್ನು ಬೇರೆ ಮಾಡಲು ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೂಚಿ ಮೂರು ಮೂರು ತಿಂಗಳಿಗೆ ಒಂದರಂತೆ ಇದೆ. ಮಗು ಹುಟ್ಟಿದ ಆರು ವಾರಗಳೊಳಗೆ ನೋಂದಾಯಿಸಬಹುದಾಗಿದ್ದರಿಂದ ಮಾರ್ಚಿನಲ್ಲಿ ಹುಟ್ಟಿದವರ ಹೆಸರು ಜೂನ್ ತ್ರೈಮಾಸಿಕದಲ್ಲಿ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಆಲೆಟ್‌ಸನ್ ಅವರು 1884ರ ಮಾರ್ಚ್ 6ರಂದು ಹುಟ್ಟಿದವರು. ಅವರಿಗಾಗಿ ಎರಡು ತ್ರೈಮಾಸಿಕಗಳನ್ನೂ ತಿರುವಬೇಕು.

ಅಂಕಿಗಳನ್ನು ಓದುವುದು

ಕ್ರಿಕ್‌ಇನ್ಫೋ ಮತ್ತು ಕ್ರಿಕೆಟ್ ಆರ್ಕೈವ್ ಜಾಲತಾಣಗಳಲ್ಲಿ ಪ್ರತಿಯೊಬ್ಬ ಪ್ರಥಮ ದರ್ಜೆ ಆಟಗಾರರ ಮೊತ್ತ, ಸರಾಸರಿಗಳ ಒಂದು ಸಾಲು ಇರುತ್ತದೆ. ಆ ಸಾಲನ್ನು ಹಾಗೆಯೇ ಎತ್ತಿ ಕನ್ನಡದಲ್ಲಿ ಇಟ್ಟರೆ ಓದುಗರು ಇವತ್ತಿನ ಕಣ್ಣಿನಿಂದಲೇ ಅಳೆಯುತ್ತಾರೆ. ಆಲೆಟ್‌ಸನ್ ಅವರ ಬ್ಯಾಟಿಂಗ್ ಸರಾಸರಿ ಇಪ್ಪತ್ತಕ್ಕಿಂತ ಕಡಿಮೆ. ಪಿಚ್ಚಿಗೆ ಹೊದಿಕೆ ಇಲ್ಲದ ಕಾಲ ಅದು. ರಾತ್ರಿ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಿದ್ದರೆ ನೆಲ ಅಂಟಂಟಾಗಿ ಚೆಂಡು ಒಮ್ಮೆ ನಿಂತು ಒಮ್ಮೆ ಚಿಮ್ಮುತ್ತಿತ್ತು. ಜೂನ್ ತಿಂಗಳಲ್ಲಿ ಎರಡು ದಿನ ಹೊಳವಾದಾಗ ಬ್ಯಾಟು ಹಿಡಿದು ಹೊರಟ ಮಲೆನಾಡಿನ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಂಥ ನೆಲದಲ್ಲಿ ಎಂಟನೆಯವರಾಗಿಯೋ ಒಂಬತ್ತನೆಯವರಾಗಿಯೋ ಬಂದವರ ಸರಾಸರಿಯನ್ನು ಅದೇ ಋತುವಿನ, ಅದೇ ತಂಡದ, ಅದೇ ಕ್ರಮಾಂಕದವರ ಸರಾಸರಿಯ ಪಕ್ಕದಲ್ಲಿ ಮಾತ್ರ ಇಡಬೇಕು. 1864ರಿಂದ ವರ್ಷವೂ ಹೊರಬರುತ್ತಿರುವ ವಿಸ್ಡನ್ ಎಂಬ ಕ್ರಿಕೆಟ್ ವಾರ್ಷಿಕದಲ್ಲಿ ಪ್ರತಿ ಕೌಂಟಿಯ ಋತುವಾರು ಪಟ್ಟಿ ಇರುವುದರಿಂದ ಈ ಹೋಲಿಕೆ ಕಷ್ಟವಲ್ಲ.

ನಿಯಮಗಳು ಆಗ ಪದೇ ಪದೇ ಬದಲಾಗುತ್ತಿದ್ದವು. 1889ರಿಂದ 1899ರವರೆಗೆ ಇಂಗ್ಲೆಂಡಿನಲ್ಲಿ ಓವರಿಗೆ ಐದೇ ಎಸೆತ. ಆದ್ದರಿಂದ 1899ರ ಬೌಲರ್ ಒಬ್ಬರ ಇಪ್ಪತ್ತು ಓವರ್, 1901ರ ಇಪ್ಪತ್ತು ಓವರಿಗೆ ಸಮವಲ್ಲ. 1910ರವರೆಗೆ ಅಲ್ಲಿ ಸಿಕ್ಸರ್ ಸಿಗಬೇಕಾದರೆ ಚೆಂಡು ಮೈದಾನದಿಂದಲೇ ಹೊರಗೆ ಹೋಗಬೇಕಿತ್ತು. ಬೌಂಡರಿ ಗೆರೆಯ ಆಚೆ ನೇರವಾಗಿ ಬಿದ್ದದ್ದಕ್ಕೆ ನಾಲ್ಕೇ ರನ್. ಹೋವ್‌ನ ಆಟ ನಡೆದದ್ದು ಹೊಸ ನಿಯಮ ಬಂದ ಮರುವರ್ಷ. ಇದನ್ನು ಹೇಳದೆ 'ಮೊದಲೆಲ್ಲ ಸಿಕ್ಸರ್ ಹೊಡೆಯದ ಆಟಗಾರ ಏಕಾಏಕಿ ಎಂಟು ಸಿಕ್ಸರ್ ಬಾರಿಸಿದರು' ಎಂದು ಬರೆದರೆ ಅದು ಅರ್ಧ ಸತ್ಯ.

ಪತ್ರಿಕೆಯಲ್ಲೋ ಪುಸ್ತಕದಲ್ಲೋ ಸಿಕ್ಕ ವಿವರವನ್ನು ಕೂಡಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಆಲೆಟ್‌ಸನ್ ಅವರ 189ರಲ್ಲಿ ಎಂಟು ಸಿಕ್ಸರ್, 23 ಬೌಂಡರಿ, ನಾಲ್ಕು ಸಲ ಮೂರು, ಹತ್ತು ಸಲ ಎರಡು, ಹದಿನೇಳು ಒಂಟಿ ರನ್: 48, 92, 12, 20, 17 ಕೂಡಿದರೆ ಸರಿಯಾಗಿ 189. ಸಸೆಕ್ಸ್‌ನ ಬೌಲರ್ ಅರ್ನೆಸ್ಟ್ ಕಿಲಿಕ್ ಅವರ ಒಂದೇ ಓವರಿನಲ್ಲಿ 34 ರನ್ ಬಂದ ಕ್ರಮ 4, 6, 6, 0, 4, 4, 4, 6. ಆರು ಎಸೆತದ ಓವರಿನಲ್ಲಿ ಎಂಟು ಅಂಕಿ ಹೇಗೆ ಎಂದು ಓದುಗರು ಕೇಳುತ್ತಾರೆ. ಎರಡು ನೋಬಾಲ್ ಇದ್ದವು ಎಂದು ಅಲ್ಲಿಯೇ ಹೇಳಿಬಿಡಬೇಕು. ಒಂದು ಓವರಿನ 34 ರನ್ನಿನ ಆ ದಾಖಲೆಯನ್ನು ಮೀರಿದವರು 1968ರಲ್ಲಿ ಸ್ವಾನ್ಸಿಯಲ್ಲಿ ಆರು ಸಿಕ್ಸರ್ ಬಾರಿಸಿದ ಗ್ಯಾರಿ ಸೋಬರ್ಸ್.

ಪಂದ್ಯದ ಮೊತ್ತಗಳನ್ನೂ ಹಾಗೆಯೇ ಜೋಡಿಸಿ ಓದಬೇಕು. ನಾಟಿಂಗಮ್‌ಶೈರ್ 238, ಸಸೆಕ್ಸ್ 414. ಎರಡನೆಯ ಇನ್ನಿಂಗ್ಸ್‌ನಲ್ಲಿ ನಾಟಿಂಗಮ್‌ಶೈರ್ 7 ವಿಕೆಟ್ಟಿಗೆ 185 ಆಗಿದ್ದಾಗ, ಅಂದರೆ ಕೇವಲ ಒಂಬತ್ತು ರನ್ ಮುಂದಿದ್ದಾಗ, ಆಲೆಟ್‌ಸನ್ ಬಂದರು. ತಂಡದ ಮೊತ್ತ 412ಕ್ಕೆ ಏರಿತು. ಗೆಲುವಿಗೆ 237 ಬೇಕಿದ್ದ ಸಸೆಕ್ಸ್ 8 ವಿಕೆಟ್ಟಿಗೆ 213 ಮಾಡಿದಾಗ ಸಮಯ ಮುಗಿಯಿತು. ಪಂದ್ಯ ಡ್ರಾ. ಮೂರು ದಿನಗಳ ಪಂದ್ಯದ ಮೂರನೆಯ ದಿನ, ಸೋತೇಹೋಯಿತು ಎಂದುಕೊಂಡ ಆಟವನ್ನು ಅವರು ಉಳಿಸಿದರು, ಗೆಲ್ಲಿಸಲಿಲ್ಲ. ಎಷ್ಟೋ ಬರಹಗಳಲ್ಲಿ ಈ ವಿವರವೇ ಬಿಟ್ಟುಹೋಗಿರುತ್ತದೆ, ಏಕೆಂದರೆ ಬರೆದವರು ಒಬ್ಬರ ಸಾಲನ್ನು ಮಾತ್ರ ನೋಡಿರುತ್ತಾರೆ.

ಇಷ್ಟೆಲ್ಲ ಒಂದು ದಿನದ ಮಾತು. ಉಳಿದ ಪಂದ್ಯಗಳಿಗಾಗಿ ಒಂದು ನೋಟ್‌ಬುಕ್ ಇಟ್ಟು, ಪಂದ್ಯಕ್ಕೊಂದು ಸಾಲಿನಂತೆ ತಾರೀಖು, ಮೈದಾನ, ಎದುರಾಳಿ, ಬ್ಯಾಟಿಂಗ್ ಕ್ರಮಾಂಕ, ರನ್, ಹಾಕಿದ ಓವರ್, ಪಡೆದ ವಿಕೆಟ್, ಫಲಿತಾಂಶ ಇವನ್ನು ಬರೆದುಕೊಳ್ಳಬೇಕು. ಕಂಪ್ಯೂಟರಿನ ಪಟ್ಟಿಯೂ ಆದೀತು, ಆದರೆ ಕೈಯಲ್ಲಿ ಬರೆಯುವಾಗ ಬಿಟ್ಟುಹೋದ ಪಂದ್ಯಗಳು ಕಣ್ಣಿಗೆ ಬೀಳುತ್ತವೆ. ತಂಡ ಆಡಿದ ಪಂದ್ಯಗಳೆಷ್ಟು, ಇವರು ಆಡಿದ್ದೆಷ್ಟು; ಯಾವ ತಿಂಗಳಲ್ಲಿ ಕೈಬಿಟ್ಟರು, ಇವರ ಜಾಗಕ್ಕೆ ಯಾರು ಬಂದರು; ವಿಶ್ವವಿದ್ಯಾಲಯಗಳಿಗೆ ರಜೆ ಬಂದೊಡನೆ ಹವ್ಯಾಸಿಗಳಿಗೆ ಜಾಗ ಬಿಟ್ಟುಕೊಡಬೇಕಾಯಿತೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಪಟ್ಟಿಯ ಖಾಲಿ ಜಾಗಗಳಲ್ಲೇ ಇರುತ್ತದೆ. ಆಲೆಟ್‌ಸನ್ ಅವರು ತಂಡಕ್ಕೆ ಬಂದ ಮರುವರ್ಷ, 1907ರಲ್ಲಿ, ನಾಟಿಂಗಮ್‌ಶೈರ್ ಒಂದು ಪಂದ್ಯವನ್ನೂ ಸೋಲದೆ ಚಾಂಪಿಯನ್ ಆಯಿತು; ಹ್ಯಾಲಮ್ ಮತ್ತು ವಾಸ್ ಎಂಬ ಇಬ್ಬರು ಬೌಲರುಗಳೇ ಚಾಂಪಿಯನ್‌ಷಿಪ್‌ನಲ್ಲಿ 298 ವಿಕೆಟ್ ಪಡೆದರು. ಅಂಥ ತಂಡದಲ್ಲಿ ಇಪ್ಪತ್ಮೂರು ವರ್ಷದ ಹೊಸಬರಿಗೆ ಬೌಲಿಂಗ್ ಮಾಡಲು ಎಷ್ಟು ಅವಕಾಶ ಸಿಕ್ಕೀತು ಎಂಬುದನ್ನು ಓವರುಗಳ ಕಾಲಮ್ಮು ಹೇಳುತ್ತದೆ.

ಅನ್ನದ ಲೆಕ್ಕ

ಇನ್ನು ಮುಖ್ಯ ವಿಷಯ. ಆ ಕಾಲದ ಇಂಗ್ಲಿಷ್ ಕ್ರಿಕೆಟಿನಲ್ಲಿ ಎರಡು ಜಾತಿ: ಹಣ ಪಡೆಯದ ಹವ್ಯಾಸಿ, ಹಣಕ್ಕೆ ಆಡುವ ವೃತ್ತಿಪರ. ಇಬ್ಬರಿಗೂ ಬೇರೆ ಬೇರೆ ಡ್ರೆಸಿಂಗ್ ರೂಮು. ಎಷ್ಟೋ ಮೈದಾನಗಳಲ್ಲಿ ಒಳಬರುವ ಗೇಟೂ ಬೇರೆ. ಸ್ಕೋರ್‌ಕಾರ್ಡಿನಲ್ಲಿ ಹವ್ಯಾಸಿಯ ಇನಿಷಿಯಲ್ಲು ಹೆಸರಿನ ಮುಂದೆ ಬಂದರೆ, ವೃತ್ತಿಪರರದು ಹಿಂದೆ ಬರುತ್ತಿತ್ತು ಅಥವಾ ಬರುತ್ತಲೇ ಇರಲಿಲ್ಲ. ತಂಡದ ನಾಯಕತ್ವ ಸಾಮಾನ್ಯವಾಗಿ ಹವ್ಯಾಸಿಗೇ ಮೀಸಲು. ಈ ಭೇದ ಅಧಿಕೃತವಾಗಿ ಅಳಿಯಲು 1962ರ ಕೊನೆಯವರೆಗೆ ಕಾಯಬೇಕಾಯಿತು. ನಿಮ್ಮ ಆಟಗಾರರು ಯಾವ ಗುಂಪಿನವರು ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳದಿದ್ದರೆ ಮುಂದಿನದೆಲ್ಲ ಓದುಗರಿಗೆ ಅಸ್ಪಷ್ಟವಾಗಿ ಕಾಣುತ್ತದೆ.

ವೃತ್ತಿಪರರಿಗೆ ಆಗ ಸಾಮಾನ್ಯವಾಗಿ ತವರಿನ ಪಂದ್ಯಕ್ಕೆ ಸುಮಾರು ಐದು ಪೌಂಡ್, ಹೊರಗಿನ ಪಂದ್ಯಕ್ಕೆ ಆರು ಪೌಂಡ್, ಗೆದ್ದರೆ ಇನ್ನೊಂದು ಪೌಂಡ್ ಸಿಗುತ್ತಿತ್ತು. ಹೊರಗೆ ಹೋದಾಗಿನ ರೈಲು ಚಾರ್ಜು, ವಸತಿ, ಊಟ ಎಲ್ಲವನ್ನೂ ಹೆಚ್ಚಾಗಿ ಅದರಲ್ಲೇ ಹೊಂದಿಸಿಕೊಳ್ಳಬೇಕು. ಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ ಹದಿನೈದು ರೂಪಾಯಿಯ ದರ ಇತ್ತಾದ್ದರಿಂದ, ಮೈಸೂರು ಸಂಸ್ಥಾನದ ಓದುಗರೊಬ್ಬರ ಲೆಕ್ಕದಲ್ಲಿ ಐದು ಪೌಂಡ್ ಎಂದರೆ 75 ರೂಪಾಯಿ. ಅದನ್ನು ಇವತ್ತಿನ ರೂಪಾಯಿಗೆ ಪರಿವರ್ತಿಸುವ ಗೋಜಿಗೆ ಹೋಗಬಾರದು. ಲಕ್ಷಗಟ್ಟಲೆಯ ಅಂಕಿ ಬಂದು ಬಡವರೊಬ್ಬರು ಸಾಹುಕಾರರಂತೆ ಕಾಣುತ್ತಾರೆ. ಅದರ ಬದಲು, ಆಡಿದ ಪಂದ್ಯಗಳನ್ನು ಸಂಬಳದಿಂದ ಗುಣಿಸಿ, ಒಂದು ಋತುವಿಗೆ ಎಷ್ಟಾಯಿತು, ತಂಡದಿಂದ ಹೊರಗುಳಿದ ವಾರಗಳಲ್ಲಿ ಎಷ್ಟು ಕಳೆದುಕೊಂಡರು ಎಂದು ಬರೆದರೆ ಸಾಕು. ನೀವು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಖಾಲಿ ಸಾಲುಗಳಿಗೆ ಆಗ ಬೆಲೆ ಬರುತ್ತದೆ: ಬೌಲಿಂಗ್ ಕೈಕೊಟ್ಟ ಜುಲೈ ತಿಂಗಳೆಂದರೆ ಮನೆಗೆ ದುಡ್ಡು ಬಾರದ ಜುಲೈ ತಿಂಗಳು.

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗಿನದು ಇನ್ನೂ ಕಷ್ಟದ ಕಾಲ. ಯಾರ್ಕ್‌ಶೈರ್‌ನಂಥ ಶ್ರೀಮಂತ ಕೌಂಟಿಗಳು ತಮ್ಮ ಖಾಯಂ ಆಟಗಾರರಿಗೆ ಚಳಿಗಾಲದಲ್ಲಿ ವಾರಕ್ಕೆ ಎರಡು ಪೌಂಡ್ ಕೊಡುತ್ತಿದ್ದವು. ಸಣ್ಣ ಕೌಂಟಿಯ ಸಣ್ಣ ಆಟಗಾರರಿಗೆ ಆ ಭಾಗ್ಯವಿರಲಿಲ್ಲ. ಅಡಿಕೆ ಕೊನೆ ತೆಗೆಯುವವರಿಗೆ ಸುಗ್ಗಿ ಮುಗಿದ ಮೇಲೆ ಬೇರೆ ಕೂಲಿ ಹುಡುಕಬೇಕಾಗುವಂತೆ ಅವರೂ ಗಣಿಗೋ, ಕಾರ್ಖಾನೆಗೋ, ಬಡಗಿ ಕೆಲಸಕ್ಕೋ ಮರಳುತ್ತಿದ್ದರು; ಕೆಲವರು ದಕ್ಷಿಣ ಆಫ್ರಿಕಕ್ಕೆ ತರಬೇತುದಾರರಾಗಿ ಹೋಗುತ್ತಿದ್ದರು. ಹತ್ತಾರು ವರ್ಷ ನಿಷ್ಠೆಯಿಂದ ದುಡಿದವರಿಗೆ ಬೆನಿಫಿಟ್ ಪಂದ್ಯ, ಅಂದರೆ ಗೇಟ್ ಹಣ ಅವರಿಗೇ ಸೇರುವ ಪಂದ್ಯ, ಸಿಗುತ್ತಿತ್ತು: 1904ರಲ್ಲಿ ಜಾರ್ಜ್ ಹರ್ಸ್ಟ್ ಅವರಿಗೆ ಅದರಿಂದ 3,703 ಪೌಂಡ್ ಬಂತು. ಆದರೆ ಅದು ಯಾರ್ಕ್‌ಶೈರ್‌ನ ದೊಡ್ಡ ಹೆಸರಿನವರ ಮಾತು. 1907ರಲ್ಲಿ ಲಾರ್ಡ್ಸ್‌ನಲ್ಲಿ ತಮ್ಮದೇ ಬೆನಿಫಿಟ್ ಪಂದ್ಯದಲ್ಲಿ ಮಿಡ್ಲ್‌ಸೆಕ್ಸ್‌ನ ಆಲ್ಬರ್ಟ್ ಟ್ರಾಟ್ ಅವರು ಸಾಮರ್ಸೆಟ್‌ನ ನಾಲ್ವರನ್ನು ಸತತ ನಾಲ್ಕು ಎಸೆತಗಳಲ್ಲಿ ಔಟ್ ಮಾಡಿ, ಅದೇ ಇನ್ನಿಂಗ್ಸ್‌ನಲ್ಲಿ ಮತ್ತೊಂದು ಹ್ಯಾಟ್ರಿಕ್ಕನ್ನೂ ಪಡೆದು, ಪಂದ್ಯವನ್ನು ಬೇಗ ಮುಗಿಸಿ, ಬರಬೇಕಾದ ಗೇಟ್ ಹಣವನ್ನು ತಾವೇ ಕಡಿಮೆ ಮಾಡಿಕೊಂಡರು. ಚೆನ್ನಾಗಿ ಆಡಿದ್ದೇ ಜೇಬಿಗೆ ನಷ್ಟವಾಗುವ ವ್ಯವಸ್ಥೆ ಅದು.

ದುಡಿಮೆಯ ಜಾಡು ಹಿಡಿಯಲು ಜನಗಣತಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. 1901ರ ಮಾರ್ಚ್ 31, 1911ರ ಏಪ್ರಿಲ್ 2, 1921ರ ಜೂನ್ 19: ಈ ಮೂರು ದಿನಗಳಲ್ಲಿ ನಿಮ್ಮ ಆಟಗಾರರು ಯಾವ ಮನೆಯಲ್ಲಿದ್ದರು, ಉದ್ಯೋಗ ಏನೆಂದು ಬರೆಸಿದರು ಎಂಬುದು ಸಿಗುತ್ತದೆ. 1911ರ ಗಣತಿ ಹೋವ್ ಪಂದ್ಯಕ್ಕೆ ಏಳು ವಾರ ಮುಂಚೆ ನಡೆದದ್ದು. ಅದರ ಹಾಳೆಗಳನ್ನು ಮನೆಯವರೇ ತುಂಬಿದ್ದರಿಂದ ಕೈಬರಹವೂ ಅವರದೇ. ಗಣಿ ಕಾರ್ಮಿಕರ ಸಂಘರ್ಷದಿಂದಾಗಿ ಏಪ್ರಿಲ್‌ನಿಂದ ಜೂನ್‌ಗೆ ಮುಂದೂಡಲ್ಪಟ್ಟ 1921ರ ಗಣತಿ ನಮ್ಮ ಉದ್ದೇಶಕ್ಕೆ ಎಲ್ಲಕ್ಕಿಂತ ಅಮೂಲ್ಯ, ಏಕೆಂದರೆ ಅದರಲ್ಲಿ ಕೆಲಸ ಕೊಟ್ಟವರ ಹೆಸರನ್ನೂ ಕೆಲಸದ ಸ್ಥಳವನ್ನೂ ಕೇಳಲಾಗಿತ್ತು. 2022ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಹೋದವು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಕಂದಕವನ್ನು ಜನರ ಹೆಸರು, ಉದ್ಯೋಗ ಬರೆದುಕೊಂಡ 1939ರ ಸೆಪ್ಟೆಂಬರಿನ ರಿಜಿಸ್ಟರು ತುಂಬಿಕೊಡುತ್ತದೆ. ಇವುಗಳಲ್ಲಿ ಹೆಚ್ಚಿನವು ಹಣ ಕೊಟ್ಟು ನೋಡುವ ತಾಣಗಳಲ್ಲಿವೆ. ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿ, ಬೇಕಾದ ಎಲ್ಲ ಹುಡುಕಾಟವನ್ನೂ ಮೊದಲೇ ಪಟ್ಟಿಮಾಡಿಟ್ಟುಕೊಂಡು ಆ ತಿಂಗಳಲ್ಲೇ ಮುಗಿಸುವುದು ಜಾಣತನ.

ಆಲೆಟ್‌ಸನ್ ಅವರ ತಂದೆ ಪೋರ್ಟ್‌ಲೆಂಡ್ ಡ್ಯೂಕರ ವೆಲ್‌ಬೆಕ್ ಎಸ್ಟೇಟಿನಲ್ಲಿ ಗಾಡಿಯ ಚಕ್ರ ಮಾಡುವ ಬಡಗಿ. ಮಗ ಕೌಂಟಿ ಆಡಿದರು. ಯುದ್ಧದ ನಂತರ ಕೌಂಟಿಗೆ ಮರಳದೆ ಕಲ್ಲಿದ್ದಲು ಗಣಿಯ ಕೆಲಸಕ್ಕೆ ಹೋದರು. 1963ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವರ್ಕ್‌ಸಾಪ್‌ನಲ್ಲಿ ತೀರಿಕೊಂಡರು. ಬಡಗಿಯ ಮಗ, ಒಂಬತ್ತು ಬೇಸಿಗೆಗಳ ಕೂಲಿ ಆಟಗಾರ, ಗಣಿಯ ನೌಕರ: ಜೀವನಚಿತ್ರದ ಬೆನ್ನೆಲುಬು ಇದು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರ ಪೀಳಿಗೆಯ ಆಟಗಾರರಿಗೂ ಬ್ಯಾಂಕಿನ ನೌಕರಿಯೇ ಆಧಾರವಾಗಿತ್ತು ಎಂಬುದನ್ನು ನೆನೆದರೆ ಕನ್ನಡದ ಓದುಗರಿಗೆ ಈ ಬೆನ್ನೆಲುಬು ಅಪರಿಚಿತವೆನಿಸದು. 1858ರಿಂದ ಇಂಗ್ಲೆಂಡಿನಲ್ಲಿ ಉಯಿಲುಗಳ ವಾರ್ಷಿಕ ಸೂಚಿಯೂ ಇದ್ದು, ಸತ್ತ ದಿನ, ವಿಳಾಸ, ಬಿಟ್ಟುಹೋದ ಆಸ್ತಿಯ ಮೌಲ್ಯ ಮೂರೂ ಒಂದೇ ಕಡೆ ಸಿಗುತ್ತವೆ. ಹವ್ಯಾಸಿ ಮತ್ತು ವೃತ್ತಿಪರರ ನಡುವಿನ ಅಂತರವನ್ನು ಆ ಸೂಚಿಯ ಎರಡು ನಮೂದುಗಳು ಹೇಳಿದಷ್ಟು ಚೆನ್ನಾಗಿ ಪುಟಗಟ್ಟಲೆ ವಿವರಣೆಯೂ ಹೇಳಲಾರದು.

ನಿಮ್ಮ ಆಟಗಾರರು ಪ್ಲಾಂಟರಾಗಿಯೋ ಸೈನ್ಯಾಧಿಕಾರಿಯಾಗಿಯೋ ಭಾರತಕ್ಕೆ ಬಂದಿದ್ದರೆ ಹುಡುಕಾಟ ಮನೆಬಾಗಿಲಿಗೇ ಬರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಸೀಮೆಯ ಕಾಫಿ ತೋಟಗಳಲ್ಲಿ ಆಗ ಇಂಗ್ಲಿಷರು ಸಾಕಷ್ಟಿದ್ದರು. ಮೈಸೂರು ಸಂಸ್ಥಾನದ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಮೂದುಗಳು ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳೊಂದಿಗೆ ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಳೆಯ ಕಲ್ಲುಗೋರಿಗಳ ಬರಹವನ್ನು ಓದಿ ಆ ನಮೂದಿನೊಂದಿಗೆ ತಾಳೆ ನೋಡುವುದು ಇಲ್ಲಿ ಇರುವವರಿಗೆ ಮಾತ್ರ ಸಾಧ್ಯವಾದ ಕೆಲಸ.

ಪತ್ರಿಕೆ ಮತ್ತು ಯುದ್ಧ

ಇಂಗ್ಲೆಂಡಿನ ಹಳೆಯ ಪತ್ರಿಕೆಗಳ ಆರ್ಕೈವ್ ಹಣದ ವ್ಯವಹಾರ. ಅದಕ್ಕೆ ಮೊದಲು ಆಸ್ಟ್ರೇಲಿಯದ ಟ್ರೋವ್ ಮತ್ತು ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ತಾಣಗಳನ್ನು ನೋಡಬೇಕು. ಎರಡೂ ಉಚಿತ, ಮತ್ತು ಕೌಂಟಿಯ ಸುದ್ದಿ ತಂತಿಯ ಮೂಲಕ ಆ ದೇಶಗಳ ಪತ್ರಿಕೆಗಳಿಗೂ ಹೋಗುತ್ತಿತ್ತು. ತಂತಿಯಲ್ಲಿ ಹೆಸರು ಕೆಡುವುದು ಸಾಮಾನ್ಯವಾದ್ದರಿಂದ ಎರಡು ಮೂರು ಕಾಗುಣಿತಗಳಲ್ಲಿ ಹುಡುಕಬೇಕಾಗುತ್ತದೆ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಗಿ, 1915ರಿಂದ 1918ರವರೆಗೆ ಚಾಂಪಿಯನ್‌ಷಿಪ್ ನಿಂತೇಹೋಯಿತು. ಮೃತ ಸೈನಿಕರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ರೆಜಿಮೆಂಟು, ಸತ್ತ ದಿನ, ಸಮಾಧಿಯ ಸಾಲು ಸಹಿತ ಸಿಗುತ್ತದೆ. ಬದುಕುಳಿದ ಸಾಮಾನ್ಯ ಸೈನಿಕರ ವಿಷಯದಲ್ಲಿ ಅದೃಷ್ಟ ಬೇಕು; 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಅವರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು.

ವಾರಿಕ್‌ಶೈರ್‌ನ ಪರ್ಸಿ ಜೀವ್ಸ್ ಅವರ ಉದಾಹರಣೆ ಇಲ್ಲಿ ಎಚ್ಚರಿಕೆಗೆ ಒದಗುತ್ತದೆ. ಯಾರ್ಕ್‌ಶೈರ್‌ನಲ್ಲಿ ಹುಟ್ಟಿ, ಎರಡು ವರ್ಷ ವಾಸದ ನಿಯಮ ಪೂರೈಸಿ ವಾರಿಕ್‌ಶೈರ್‌ಗೆ ಆಡುವ ಅರ್ಹತೆ ಪಡೆದ ಅವರು, 1913ರಲ್ಲಿ, ತಮ್ಮ ಮೊದಲ ಪೂರ್ಣ ಋತುವಿನಲ್ಲಿ, ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. 50 ಪಂದ್ಯಗಳಲ್ಲಿ 199 ವಿಕೆಟ್ ಪಡೆದು, 1916ರ ಜುಲೈ 22ರಂದು ಸೋಮ್ ಕದನದಲ್ಲಿ ಮಡಿದರು. ದೇಹ ಸಿಗಲಿಲ್ಲ, ಹೆಸರು ಥೀಪ್ವಾಲ್ ಸ್ಮಾರಕದ ಗೋಡೆಯಲ್ಲಿದೆ. ಅವರ ಆಟ ನೋಡಿದ್ದ ಹಾಸ್ಯಲೇಖಕ ಪಿ. ಜಿ. ವುಡ್‌ಹೌಸ್ ತಮ್ಮ ಕಥೆಗಳ ಜಾಣ ಸೇವಕನಿಗೆ ಅದೇ ಹೆಸರಿಟ್ಟದ್ದರಿಂದ, ಜೀವ್ಸ್ ಅವರ ಬಗ್ಗೆ ಬರೆಯುವವರು ಸೇವಕನಿಂದ ಶುರುಮಾಡಿ ಸೇವಕನಲ್ಲೇ ಮುಗಿಸುತ್ತಾರೆ. ಹೆಸರಿನ ಕಥೆಗೆ ಒಂದು ವಾಕ್ಯ ಸಾಕು. ಪ್ಯಾರಾಗಳು ಬೌಲರಿಗೆ ಸೇರಬೇಕು.

ಕನ್ನಡದಲ್ಲಿ ಇಡುವಾಗ

ಎಲ್ಲರಿಗೂ ಬಹುವಚನ ಬಳಸಬೇಕು. ನಾಯಕರಾದ ಹವ್ಯಾಸಿಗೆ 'ಅವರು' ಎಂದು ಬರೆದು, ಗಣಿಯಿಂದ ಬಂದ ಬೌಲರನ್ನು 'ಅವನು' ಎಂದರೆ ಲಾರ್ಡ್ಸ್‌ನ ಎರಡು ಗೇಟುಗಳನ್ನು ಕನ್ನಡಕ್ಕೂ ತಂದು ನಿಲ್ಲಿಸಿದಂತಾಗುತ್ತದೆ. ಕೌಂಟಿಗಳ ಹೆಸರನ್ನು ಅಕ್ಷರ ನೋಡಿ ಬರೆಯದೆ ಉಚ್ಚಾರ ಕೇಳಿ ಬರೆಯಬೇಕು: ವೂಸ್ಟರ್‌ಶೈರ್, ಲೆಸ್ಟರ್‌ಶೈರ್, ಗ್ಲಾಸ್ಟರ್‌ಶೈರ್, ಡಾರ್ಬಿಶೈರ್. ಆಟದ ಮಾತುಗಳಿಗೆ ಹೊಸ ಸಂಸ್ಕೃತ ಪದ ಹೊಸೆಯುವ ಅಗತ್ಯವಿಲ್ಲ. ವಿಕೆಟ್ಟು, ಓವರು, ಇನ್ನಿಂಗ್ಸು ಎಲ್ಲವೂ ನಮ್ಮ ಪತ್ರಿಕೆಗಳಲ್ಲಿ ಬೇರುಬಿಟ್ಟಿವೆ.

ಬಾಯಿಂದ ಬಾಯಿಗೆ ಬಂದ ಪ್ರಸಂಗಗಳನ್ನು, ಅದರಲ್ಲೂ ಆಟಗಾರರು ಆಡಿದರೆಂದು ಹೇಳಲಾಗುವ ಚಮತ್ಕಾರದ ಮಾತುಗಳನ್ನು, ಆ ವಾರದ ಪತ್ರಿಕೆಯಲ್ಲಿ ಸಿಗದ ಹೊರತು ಸೇರಿಸಬಾರದು. ಸೇರಿಸಲೇಬೇಕಾದರೆ ಅದು ಎಷ್ಟು ವರ್ಷಗಳ ನಂತರ ಅಚ್ಚಾಯಿತು ಎಂದು ಹೇಳಬೇಕು. ಪ್ರಸಿದ್ಧ ದಿನವೊಂದಿದ್ದರೆ ಅದಕ್ಕೆ ಬರಹದ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಜಾಗ ಕೊಡಬಾರದು. ಅದನ್ನು ಬರಬೇಕಾದ ಇಸವಿಯಲ್ಲೇ ತಂದು, ಮರುದಿನದ ಪಂದ್ಯಕ್ಕೆ ಮುಂದುವರಿಯಬೇಕು. ಕರುಣೆಯ ವಿಶೇಷಣಗಳನ್ನೂ ಹಿಡಿತದಲ್ಲಿಡಬೇಕು. ಗಣಿಗೆ ಹೋದದ್ದು ದುರಂತವೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಅದು ವರ್ಷವಿಡೀ ಸಂಬಳ ಬರುವ ಕೆಲಸವಾಗಿತ್ತು.

1911ರಲ್ಲಿ ಪ್ರಕಟವಾದ ಛಾಯಾಚಿತ್ರ ಅಮೆರಿಕದ ಕಾನೂನಿನ ಪ್ರಕಾರ ಹಕ್ಕುಮುಕ್ತ. ಆದರೂ ಅದು ಎಲ್ಲಿ, ಯಾವ ವರ್ಷ ಅಚ್ಚಾಯಿತು ಎಂಬುದನ್ನು ಬರೆದಿಟ್ಟುಕೊಳ್ಳದೆ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿದರೆ ತೆಗೆದುಹಾಕುತ್ತಾರೆ. ತಂಡದ ಗುಂಪು ಚಿತ್ರವಾದರೆ ಎಡದಿಂದ ಬಲಕ್ಕೆ ಹೆಸರುಗಳನ್ನು ಇನ್ನೊಂದು ಚಿತ್ರದೊಂದಿಗೆ ತಾಳೆ ನೋಡಿಯೇ ಅಡಿಬರಹ ಕೊಡಬೇಕು. ಮೀಸೆ ಬಿಟ್ಟ ಹನ್ನೊಂದು ಜನರಲ್ಲಿ ಒಬ್ಬರನ್ನು ಗುರುತಿಸುವುದು ತೋರುವಷ್ಟು ಸುಲಭವಲ್ಲ. ಕೊನೆಗೆ ಕರಡನ್ನು ಇಬ್ಬರ ಕೈಗೆ ಕೊಡಬೇಕು: ಒಬ್ಬರು ಲೀಗ್ ಪಂದ್ಯಗಳಲ್ಲಿ ಸ್ಕೋರ್ ಬರೆದು ಪಳಗಿದವರು, ಇನ್ನೊಬ್ಬರು ಕ್ರಿಕೆಟ್ ಎಂದರೆ ಚಾನೆಲ್ ಬದಲಿಸುವವರು. ಮೊದಲನೆಯವರು ಅಂಕಿಗಳಲ್ಲಿ ತಪ್ಪು ತೋರಿಸುತ್ತಾರೆ. ಎರಡನೆಯವರು ಎಲ್ಲಿ ಓದುವುದನ್ನು ನಿಲ್ಲಿಸಿದರೋ ಅಲ್ಲಿಂದ ತಿದ್ದಲು ತೊಡಗಬೇಕು.